ನಿಮಗಿದು ಗೊತ್ತೇ? ಡಾಕ್ಟರಿಗೂ ಹೋಂವರ್ಕ್ ಇದೆ!

ಹೈದರಾಲಿ ಹುಟ್ಟಿದ್ದು ಎಲ್ಲಿ? ಶ್ರೀರಂಗಪಟ್ಟಣ ಅಂದಿರಾ? ಅಲ್ಲವೇ ಅಲ್ಲ! ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಕೋಲಾರದ ಕಡೆಯವರಿಗೆ ಇದು ಗೊತ್ತಿರುವ ಮಾತೇ. ಆದರೆ ಅವನು ಸತ್ತದ್ದು ಹೇಗೆ, ಬಲ್ಲಿರಾ? ಕತ್ತಿಯಿಂದಲ್ಲ, ಗುಂಡಿನಿಂದಲ್ಲ. 1782ರ ಡಿಸೆಂಬರ್‌ನಲ್ಲಿ, ಚಿತ್ತೂರಿನ ಹತ್ತಿರದ ದಂಡಿನ ಬಿಡಾರದಲ್ಲಿ, ಬೆನ್ನ ಮೇಲೆ ಎದ್ದ ಹುಣ್ಣಿನಿಂದ! ಕೆಲವು ಚರಿತ್ರೆಕಾರರು ಅದನ್ನು ಕ್ಯಾನ್ಸರ್ ಎಂದೇ ಬರೆದಿದ್ದಾರೆ. ಬಯಾಪ್ಸಿ ಇಲ್ಲ, ಎಕ್ಸ್‌ರೇ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಬ್ರಿಟಿಷರನ್ನೇ ನಡುಗಿಸಿದ ದೊರೆಗೆ ಆ ಕಾಲದ ವೈದ್ಯರು ಏನು ತಾನೇ ಮಾಡಿಯಾರು!

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ನೆನಪಿಗೆ ಇಟ್ಟ ಹೆಸರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಇದೆಯಲ್ಲ, ಅದೂ ಅವನ ಹೆಸರಿನದೇ. ಇನ್ನೂ ಕೇಳಿ. 1893ರಲ್ಲಿ ಹೈದರಾಲಿ ಮತ್ತು ಟಿಪ್ಪು ಬಗ್ಗೆ ಪುಸ್ತಕ ಬರೆದವನೂ ಅವನೇ!

ಬೂದಿಕೋಟೆಗೆ ಇನ್ನೊಂದು ಹೆಮ್ಮೆ ಇದೆ. ಅದರ ಹೆಸರು ‘ನಮ್ಮ ಧ್ವನಿ’. 2001ರಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಇಲ್ಲಿ ಹಳ್ಳಿಯವರದೇ ಒಂದು ಧ್ವನಿ ಕೇಂದ್ರ ತೆರೆದವು. ಆಗ ಹಳ್ಳಿಯ ಸಂಘಗಳಿಗೆ ರೇಡಿಯೋ ಪರವಾನಗಿ ಕೊಡುತ್ತಿರಲಿಲ್ಲ. ಜನ ಸುಮ್ಮನೆ ಕೂತರೇ? ಇಲ್ಲ! ಮೊದಲು ಧ್ವನಿವರ್ಧಕದಲ್ಲಿ ಕೇಳಿಸಿದರು. ಬಳಿಕ ಟಿವಿಯ ಕೇಬಲ್ ತಂತಿಯಲ್ಲೇ ರೇಡಿಯೋ ಕಾರ್ಯಕ್ರಮ ಹರಿಸಿ ಮನೆಮನೆಗೆ ಮುಟ್ಟಿಸಿದರು! ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಮೈಕ್ ಹಿಡಿದರು. ಕೃಷಿ, ಆರೋಗ್ಯ, ಸಂತೆ ಬೆಲೆ, ಎಲ್ಲವೂ ಊರಿನ ಬಾಯಲ್ಲೇ!

ಊರಿಗೆ ಹೊಸ ಸುದ್ದಿ ಹೀಗೆ ಬಂತು. ಊರಿನ ಡಾಕ್ಟರಿಗೆ ಹೊಸ ಸುದ್ದಿ ಹೇಗೆ ಬರುತ್ತದೆ? ಇವತ್ತಿನ ಬೆರಗೆಲ್ಲ ಅಲ್ಲೇ ಇದೆ. ಒಂದೇ ಒಂದು ಕಾಯಿಲೆಯನ್ನು ಹಿಡಿದು ನೋಡೋಣ ಬನ್ನಿ. ಪ್ರಾಸ್ಟೇಟ್ ಕ್ಯಾನ್ಸರ್. ಗಂಡಸರ ಕಾಯಿಲೆ, ಗಂಡಸರು ಬಾಯಿ ಬಿಡದ ಕಾಯಿಲೆ.

ಪ್ರಾಸ್ಟೇಟ್ ಎಷ್ಟು ದೊಡ್ಡದು ಗೊತ್ತೇ? ಒಂದು ಅಕ್ರೋಟಿನಷ್ಟು! ತೂಕ ಸುಮಾರು 20 ಗ್ರಾಂ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಅವಿತು ಕೂತಿರುತ್ತದೆ. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದವರು ರಾತ್ರಿ ನಾಲ್ಕು ಸಲ ಏಳುವುದಕ್ಕೆ ಬಹಳ ಸಲ ಇದೇ ಕಾರಣ. ಹಾಗೆ ಏಳುವವರಿಗೆಲ್ಲ ಕ್ಯಾನ್ಸರ್ ಅಂತಲ್ಲ, ಗಾಬರಿ ಬೇಡ. ಹೆಚ್ಚಿನವರಲ್ಲಿ ಅದು ಬರೀ ಊತ.

1853ರಲ್ಲಿ ಲಂಡನ್ ಆಸ್ಪತ್ರೆಯ ಜಾನ್ ಆಡಮ್ಸ್ ಎಂಬ ಸರ್ಜನ್ ಮೊದಲ ಬಾರಿಗೆ ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಂಡು ಈ ಕ್ಯಾನ್ಸರ್ ಬಗ್ಗೆ ಬರೆದ. ಇದು ತೀರಾ ಅಪರೂಪದ ರೋಗ ಎಂದೂ ಸೇರಿಸಿದ. ಈಗ ಲೆಕ್ಕ ಕೇಳಿ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 14.7 ಲಕ್ಷ ಹೊಸ ರೋಗಿಗಳು! ಸುಮಾರು 4 ಲಕ್ಷ ಸಾವು. ಗಂಡಸರ ಕ್ಯಾನ್ಸರ್‌ಗಳಲ್ಲಿ ಇದಕ್ಕೆ ಎರಡನೇ ಸ್ಥಾನ!

ಹಾಗಂತ ಇದು ಹೊಸ ಕಾಯಿಲೆ ಅಲ್ಲ. ಸೈಬೀರಿಯದ ತುವಾ ಪ್ರದೇಶದ ಒಂದು ದಿಬ್ಬ ಅಗೆದಾಗ ಸುಮಾರು 2,700 ವರ್ಷ ಹಿಂದಿನ ರಾಜನೊಬ್ಬನ ಅಸ್ಥಿ ಸಿಕ್ಕಿತು. ಸುತ್ತ ಬಂಗಾರವೋ ಬಂಗಾರ! ಎಲುಬಿನಲ್ಲಿ ಏನಿತ್ತು? ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್! ಲಿಸ್ಬನ್ ವಸ್ತುಸಂಗ್ರಹಾಲಯದ ಈಜಿಪ್ಟ್ ಮಮ್ಮಿಯೊಂದನ್ನೂ ಸಿಟಿ ಸ್ಕ್ಯಾನ್‌ಗೆ ಮಲಗಿಸಿದರು. ಸತ್ತು ಎರಡು ಸಾವಿರ ವರ್ಷ ದಾಟಿದ ಮೇಲೆ ಅವನ ರೋಗ ಪತ್ತೆಯಾಯಿತು. ಅದೂ ಇದೇ!

ನಾಯಿಗಳಿಗೂ ಇದು ಬರುತ್ತದೆ! ತನ್ನಷ್ಟಕ್ಕೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಪ್ರಾಣಿಗಳು ಬಹಳ ಕಡಿಮೆ. ಮನುಷ್ಯನ ಜೊತೆಗೆ ಆ ಪಟ್ಟಿಯಲ್ಲಿ ಮುಂದೆ ನಿಲ್ಲುವುದು ಅವನ ನಾಯಿ.

ಚಾರ್ಲ್ಸ್ ಹಗಿನ್ಸ್ ಎಂಬ ಸರ್ಜನ್ ಷಿಕಾಗೋದಲ್ಲಿ ನಾಯಿಗಳ ಪ್ರಾಸ್ಟೇಟನ್ನೇ ಮೊದಲು ಅಭ್ಯಾಸ ಮಾಡಿದ. ಗಂಡು ಹಾರ್ಮೋನ್ ನಿಂತರೆ ಗ್ರಂಥಿ ಕುಗ್ಗುತ್ತದೆ ಎಂದು ಕಂಡ. 1941ರಲ್ಲಿ ರೋಗಿಗಳಲ್ಲೂ ಅದೇ ಆಯಿತು. ವೃಷಣ ತೆಗೆದರೆ ದೇಹದೆಲ್ಲೆಡೆ ಹರಡಿದ ಕ್ಯಾನ್ಸರ್ ಕೂಡ ಹಿಮ್ಮೆಟ್ಟಿತು! ಹಾಸಿಗೆ ಹಿಡಿದವರ ಎಲುಬು ನೋವು ಇಳಿಯಿತು. ಔಷಧಿಯಿಂದ, ಹಾರ್ಮೋನಿನಿಂದ ಕ್ಯಾನ್ಸರನ್ನು ಬಗ್ಗಿಸಬಹುದು ಎಂದು ತೋರಿಸಿದ್ದಕ್ಕೆ 1966ರಲ್ಲಿ ನೊಬೆಲ್ ಬಂತು. 25 ವರ್ಷ ಕಾದು!

ಇಲ್ಲಿ ಸ್ವಲ್ಪ ನಿಲ್ಲಿ. ಮುಖ್ಯ ಸಂಗತಿ ಇಲ್ಲಿದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ 1941ರಲ್ಲಿ ಏನು ಮಾಡುತ್ತಿದ್ದರೋ 2010ರಲ್ಲೂ ಮೊದಲಿಗೆ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದರು. ಗಂಡು ಹಾರ್ಮೋನ್ ನಿಲ್ಲಿಸುವುದು, ಅಷ್ಟೇ. ಹಾರ್ಮೋನ್ ನಿಲ್ಲಿಸುವ ಬಗೆ ಬದಲಾಯಿತು, ಯೋಚನೆ ಬದಲಾಗಲಿಲ್ಲ. ಸುಮಾರು 70 ವರ್ಷ! ಆಮೇಲೆ ಏನಾಯಿತು ನೋಡಿ. 2015ರಲ್ಲಿ ಒಂದು ಫಲಿತಾಂಶ ಬಂತು. ಕೊನೆಗೆಂದು ಎತ್ತಿಟ್ಟಿದ್ದ ಕೀಮೋ ಔಷಧ ಡೋಸಿಟ್ಯಾಕ್ಸೆಲ್ಲನ್ನು ಆರಂಭದಲ್ಲೇ ಕೊಟ್ಟರೆ ಮಧ್ಯಮ ಆಯುಸ್ಸು 44 ತಿಂಗಳಿಂದ 57.6 ತಿಂಗಳಿಗೆ ಏರಿತು! ಔಷಧ ಹಳೆಯದೇ, ಕೊಡುವ ಹೊತ್ತು ಮಾತ್ರ ಹೊಸದು. 2017ರಲ್ಲಿ ಅಬಿರಾಟೆರೋನ್ ಮಾತ್ರೆಯೂ ಆರಂಭಕ್ಕೇ ಬಂತು. 2022ರ ಹೊತ್ತಿಗೆ ಕೆಲವರಿಗೆ ಮೂರು ಔಷಧ ಒಟ್ಟಿಗೆ! 2010ರಲ್ಲಿ ಎಂ.ಡಿ. ಮುಗಿಸಿ ಪುಸ್ತಕ ಮಡಚಿಟ್ಟ ಡಾಕ್ಟರ್ ಇದ್ದರೆ, ಅವರು ಓದಿದ್ದರಲ್ಲಿ ಈ ಅಧ್ಯಾಯವೇ ಈಗ ಹಳತು!

ಅದಕ್ಕೇ ಕಾನೂನು ಹೇಳುತ್ತದೆ, ಓದು ನಿಲ್ಲಿಸಬೇಡಿ ಅಂತ. ಭಾರತದ ವೈದ್ಯರ ನಡತೆಯ ನಿಯಮ 2002ರಲ್ಲಿ ಬಂತು. ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ವೈದ್ಯಕೀಯ ಶಿಕ್ಷಣ, ಡಾಕ್ಟರರ ಬಾಯಲ್ಲಿ ‘ಸಿಎಂಇ’. ಭಾಗಿಸಿ ನೋಡಿ. ತಿಂಗಳಿಗೆ ಬರೀ ಅರ್ಧ ಗಂಟೆ! ನನಗಂತೂ ಇದು ಬಹಳ ಕಡಿಮೆ ಅನಿಸುತ್ತದೆ.

ಈ ಬಗೆಯ ಕಡ್ಡಾಯ ಓದನ್ನು ಜಗತ್ತಿನಲ್ಲಿ ಮೊದಲು ತಂದ ತಜ್ಞರ ಸಂಘ ಯಾವುದು ಗೊತ್ತೇ? ಹೃದಯ ತಜ್ಞರಲ್ಲ, ಮೆದುಳಿನವರೂ ಅಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ, 1934ರಲ್ಲಿ! ಪ್ರಾಸ್ಟೇಟ್ ನೋಡುವ ಡಾಕ್ಟರುಗಳೇ ಎಲ್ಲರಿಗಿಂತ ಮೊದಲು ಮತ್ತೆ ವಿದ್ಯಾರ್ಥಿಗಳಾದರು!

ಸಂಶೋಧನೆಯಲ್ಲಿ ಸಾಬೀತಾದದ್ದು ರೋಗಿಯ ಹಾಸಿಗೆ ತನಕ ಬರಲು ಎಷ್ಟು ಕಾಲ ಬೇಕು? 2000ದಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರು. ಸರಾಸರಿ 17 ವರ್ಷ! ಅಷ್ಟರಲ್ಲಿ ಹುಟ್ಟಿದ ಮಗು ಪಿಯುಸಿ ಸೇರಿರುತ್ತದೆ!

ಹೋಟೆಲ್ ಹಾಲ್‌ನಲ್ಲಿ ಕೂತು ಭಾಷಣ ಕೇಳಿದರೆ ಡಾಕ್ಟರ ರೂಢಿ ಬದಲಾಗುತ್ತದೆಯೇ? ಇಲ್ಲವಂತೆ! 1999ರಲ್ಲಿ ಡೇವ್ ಡೇವಿಸ್ ತಂಡ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಬರೀ ಭಾಷಣದಿಂದ ಚಿಕಿತ್ಸೆಯ ರೀತಿ ಬದಲಾದ ಗುರುತೇ ಇಲ್ಲ. ಪ್ರಶ್ನೆ ಕೇಳಿ, ಕೇಸು ಕೊಟ್ಟು, ಚರ್ಚೆ ಮಾಡಿಸಿದಲ್ಲಿ ಬದಲಾವಣೆ ಕಂಡಿತು!

ಹಾಗಾದರೆ ಈಮೇಲ್ ಸಾಕೇ? ಸಾಕು ಅನ್ನುತ್ತದೆ ಒಂದು ಪ್ರಯೋಗ! ಹಾರ್ವರ್ಡ್‌ನ ಮೂತ್ರರೋಗ ತಜ್ಞ ಪ್ರೈಸ್ ಕೆರ್‌ಫೂಟ್ 95 ಮಂದಿ ಸಾಮಾನ್ಯ ವೈದ್ಯ ಸಿಬ್ಬಂದಿಯನ್ನು ಆರಿಸಿಕೊಂಡ. ಅರ್ಧ ಜನಕ್ಕೆ ವಾರ ವಾರ ಪುಟ್ಟ ಪುಟ್ಟ ಪ್ರಶ್ನೆ ಕಳಿಸಿದ. ಒಂದೊಂದಕ್ಕೆ ಕೆಲವೇ ನಿಮಿಷ. ಅದೇ ಪಾಠ ಬಿಟ್ಟು ಬಿಟ್ಟು ಮರಳಿ ಬರುವಂತೆ ಮಾಡಿದ. ಫಲ? ಬೇಡದವರಿಗೆ ಬರೆಯುತ್ತಿದ್ದ ಪಿಎಸ್‌ಎ ಎಂಬ ಪ್ರಾಸ್ಟೇಟ್ ರಕ್ತ ಪರೀಕ್ಷೆ ಸುಮಾರು ಕಾಲು ಭಾಗ ಇಳಿಯಿತು! ಮಕ್ಕಳು ಮಗ್ಗಿ ಕಲಿಯುವುದೂ ಹೀಗೇ ಅಲ್ಲವೇ!

ಪಿಎಸ್‌ಎ ಅಂದೆವಲ್ಲ, ಅದರ ಕತೆ ಬಲು ಸೋಜಿಗ. ಅದು ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್. ಅದರ ನಿಜವಾದ ಕೆಲಸ ವೀರ್ಯವನ್ನು ತೆಳುವಾಗಿಸುವುದು. ರಕ್ತಕ್ಕೆ ಸೋರುವುದು ತೀರಾ ಸ್ವಲ್ಪ. ಅಳೆಯುವುದು ನ್ಯಾನೋಗ್ರಾಂನಲ್ಲಿ. ಅಂದರೆ ಒಂದು ಗ್ರಾಂನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು! ಎದೆಹಾಲಿನಲ್ಲೂ ಇದು ಚೂರು ಸಿಕ್ಕಿದೆ. ಹೌದು, ಹೆಂಗಸರಲ್ಲಿ!

ಪಿಎಸ್‌ಎ ಏರಿದರೆ ಕ್ಯಾನ್ಸರ್ ಎಂದೇ ಅರ್ಥವೇ? ಅಲ್ಲ! ಮೂತ್ರದ ಸೋಂಕಿನಲ್ಲೂ ಏರುತ್ತದೆ, ಸಾದಾ ಊತದಲ್ಲೂ ಏರುತ್ತದೆ. ಇತ್ತ ಕಡಿಮೆ ಇದ್ದವರಲ್ಲೂ ಕೆಲವೊಮ್ಮೆ ಕ್ಯಾನ್ಸರ್ ಇರುತ್ತದೆ. 1970ರಲ್ಲೇ ಈ ಪ್ರೋಟೀನ್ ಬಗ್ಗೆ ಬರೆದ ವಿಜ್ಞಾನಿಗಳಲ್ಲಿ ಒಬ್ಬ ರಿಚರ್ಡ್ ಆಬ್ಲಿನ್. ಸಿಕ್ಕಸಿಕ್ಕವರಿಗೆಲ್ಲ ಈ ಪರೀಕ್ಷೆ ಮಾಡಬೇಡಿ ಎಂದು 2010ರಲ್ಲಿ ಪತ್ರಿಕೆಯಲ್ಲಿ ಗುಡುಗಿದವನೂ ಅವನೇ!

ಡಾಕ್ಟರಿಗೆ ಸಿಎಂಇಯಲ್ಲಿ ತಪ್ಪದೆ ಹೇಳಿಕೊಡುವ ಗುಟ್ಟು ಇದು. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟರೈಡ್ ನುಂಗುವವರ ಪಿಎಸ್‌ಎ ಕೆಲವು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬಂದ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು! 3 ಅಂದರೆ 6! ಕೂದಲು ಉದುರದಿರಲಿ ಎಂದು ನುಂಗುವ ಮಾತ್ರೆಯಲ್ಲೂ ಇದೇ ಔಷಧ ಇರುತ್ತದೆ. ಆದ್ದರಿಂದ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿಬಿಡಿ!

ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಪಿಎಸ್‌ಎ ತಪಾಸಣೆ ಬೇಡ ಅಂದಿತು. 2018ರಲ್ಲಿ ಮಾತು ಬದಲಿಸಿತು. 55ರಿಂದ 69ರೊಳಗಿನವರು ಡಾಕ್ಟರ ಜೊತೆ ಕೂತು ಮಾತಾಡಿ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ. ಆರೇ ವರ್ಷದಲ್ಲಿ ಇಷ್ಟು ಬದಲು! ಇದನ್ನೆಲ್ಲ ಹಿಂಬಾಲಿಸುವ ಡಾಕ್ಟರ ಅವಸ್ಥೆ ಯೋಚಿಸಿ!

ಬೆರಳಿನಿಂದ ಗುದದ್ವಾರದ ಮೂಲಕ ಪ್ರಾಸ್ಟೇಟ್ ಮುಟ್ಟಿ ನೋಡುವ ಪರೀಕ್ಷೆ ಇದೆಯಲ್ಲ? ಅದಕ್ಕೆ ಹೆದರಿಯೇ ಎಷ್ಟೋ ಹಿರಿಯರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಜರ್ಮನಿಯ ಪ್ರೊಬೇಸ್ ಅಧ್ಯಯನ 45ರ ವಯಸ್ಸಿನವರಲ್ಲಿ ನೋಡಿತು. ತಪಾಸಣೆಗೆ ಬೆರಳಿನಿಂದ ಸಿಕ್ಕ ಪ್ರಯೋಜನ ತೀರಾ ಅಲ್ಪ! ತೊಂದರೆ ಇದ್ದವರಲ್ಲಿ ಈಗಲೂ ಅದು ಬೇಕಾಗುತ್ತದೆ. ಆದರೆ ಎಲ್ಲರಿಗೂ ಮೊದಲ ಹೆಜ್ಜೆ ಅದೇ ಆಗಬೇಕಿಲ್ಲ. ಮಾವನಿಗೆ, ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿ!

ಮೊದಲೆಲ್ಲ ಪಿಎಸ್‌ಎ ಏರಿತೋ, ನೇರ ಸೂಜಿ! ಗುರಿ ಕಾಣದೆ ಅಲ್ಲೊಂದು ಇಲ್ಲೊಂದು ಚುಚ್ಚಿ ಚೂರು ತೆಗೆಯುತ್ತಿದ್ದರು. 2017ರಲ್ಲಿ ಬ್ರಿಟನ್ನಿನ ಪ್ರೊಮಿಸ್ ಅಧ್ಯಯನ 576 ಮಂದಿಗೆ ಮೊದಲು ಎಂಆರ್‌ಐ ಮಾಡಿತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸೂಜಿಯಿಂದ ಪಾರಾಗಬಹುದಿತ್ತು! ಈಗ ಎಷ್ಟೋ ಕಡೆ ಕ್ರಮವೇ ತಿರುಗಿದೆ. ಮೊದಲು ಚಿತ್ರ, ಆಮೇಲೆ ಸೂಜಿ!

ಹತ್ತಕ್ಕೆ ಆರು ಬಂತು ಅಂದರೆ ನೀವೇನು ಅಂದುಕೊಳ್ಳುತ್ತೀರಿ? ಅರ್ಧ ದಾಟಿತು, ಕೆಟ್ಟಿತು ಅಂತ ತಾನೇ? ಬಯಾಪ್ಸಿ ರಿಪೋರ್ಟಿನ ಗ್ಲೀಸನ್ ಅಂಕ ಹಾಗಲ್ಲ! 1966ರಲ್ಲಿ ಡೊನಾಲ್ಡ್ ಗ್ಲೀಸನ್ ಈ ಲೆಕ್ಕ ಕೊಟ್ಟ. ಕೋಶಗಳ ಜೋಡಣೆಯ ಎರಡು ಮಾದರಿಗೆ ಅಂಕ ಕೊಟ್ಟು ಕೂಡಬೇಕು. ಕಾಗದದ ಮೇಲೆ 2ರಿಂದ 10. ಆದರೆ ಈಗ ಬಯಾಪ್ಸಿಯಲ್ಲಿ 6ಕ್ಕಿಂತ ಕಡಿಮೆ ಬರೆಯುವುದೇ ಇಲ್ಲ ಎನ್ನಬೇಕು. ಅಂದರೆ 6 ಎಂಬುದೇ ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಸೌಮ್ಯ ಅಂಕ! ಇದನ್ನು ನೋಡಿ ಎಷ್ಟು ಮನೆಗಳಲ್ಲಿ ಊಟ ಬಿಟ್ಟಿರಬೇಡ! ಅದಕ್ಕೇ ಈಗ 1ರಿಂದ 5ರವರೆಗೆ ಹೊಸ ಗುಂಪು ಮಾಡಿದ್ದಾರೆ. ಹಳೆಯ 6 ಈಗ ಗುಂಪು 1. ಅದೇ ಕೋಶ, ಅದೇ ರೋಗಿ, ಅಂಕಿ ಮಾತ್ರ ಬೇರೆ. ಎದೆಯ ಭಾರ ಅರ್ಧ ಇಳಿಯಿತು! ಈ 6ನ್ನು ಕ್ಯಾನ್ಸರ್ ಎಂದು ಕರೆಯುವುದನ್ನೇ ಬಿಡೋಣ ಎಂದು 2022ರಲ್ಲಿ ಕೆಲವು ತಜ್ಞರು ವಾದ ಹೂಡಿದ್ದೂ ಉಂಟು!

ಚಿಕಿತ್ಸೆ ಕೊಡದಿರುವುದೂ ಒಂದು ಚಿಕಿತ್ಸೆ! ನಂಬುವುದು ಕಷ್ಟ, ಆದರೆ ಲೆಕ್ಕ ಹಾಗೇ ಹೇಳುತ್ತದೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಮಂದಿಯನ್ನು ಮೂರು ಪಾಲು ಮಾಡಿದರು. ಒಂದಕ್ಕೆ ಆಪರೇಷನ್, ಒಂದಕ್ಕೆ ವಿಕಿರಣ, ಒಂದಕ್ಕೆ ಆಗಾಗ ನೋಡುತ್ತಾ ಕಾಯುವುದು. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಈ ಕ್ಯಾನ್ಸರಿನಿಂದ ಸತ್ತವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 2.2, ವಿಕಿರಣದಲ್ಲಿ 2.9, ಕಾದವರಲ್ಲಿ 3.1. ಹೆಚ್ಚುಕಡಿಮೆ ಒಂದೇ! ಕಾಯುವುದು ಅಂದರೆ ಮರೆತು ಕೂರುವುದಲ್ಲ, ಕಣ್ಣಿಟ್ಟು ಕಾಯುವುದು. ಕಾದವರಲ್ಲಿ ರೋಗ ಹರಡಿದ್ದು ಸುಮಾರು ಇಮ್ಮಡಿ, ಹಲವರು ಆಮೇಲೆ ಚಿಕಿತ್ಸೆ ಪಡೆದರು. ಆದರೂ ಎಷ್ಟೋ ಮಂದಿ ಕತ್ತರಿ ಇಲ್ಲದೆಯೇ 15 ವರ್ಷ ಕಳೆದರು!

ಇನ್ನೊಂದು ವಿಚಿತ್ರ. 80 ದಾಟಿ ಬೇರೆ ಯಾವುದೋ ಕಾರಣಕ್ಕೆ ಸತ್ತವರ ಶವಪರೀಕ್ಷೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಚುಕ್ಕಿ ಸಿಗುತ್ತದೆ! ಬದುಕಿರುವಾಗ ಅವರಿಗೆ ಅದರ ಸುಳಿವೂ ಇರಲಿಲ್ಲ.

ವಿಟಮಿನ್ ನುಂಗಿದರೆ ಒಳ್ಳೆಯದೇ ತಾನೇ? ತಾಳಿ! 35,533 ಗಂಡಸರ ಮೇಲೆ ವಿಟಮಿನ್ ಇ ಮತ್ತು ಸೆಲೆನಿಯಂ ಪ್ರಯೋಗ ನಡೆಯಿತು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂಬ ಆಸೆ. 2008ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. 2011ರ ಲೆಕ್ಕದಲ್ಲಿ ಬರೀ ವಿಟಮಿನ್ ಇ ನುಂಗಿದವರಲ್ಲಿ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಗಿತ್ತು!

ಗಂಡು ಹಾರ್ಮೋನ್ ಇಳಿಸಲು ಕೊಡುವ ಕೆಲವು ಇಂಜೆಕ್ಷನ್ ಮೊದಲು ಮಾಡುವುದೇನು ಗೊತ್ತೇ? ಹಾರ್ಮೋನನ್ನು ಏರಿಸುತ್ತವೆ! ಕೆಲವು ದಿನ ಏರಿ, ಆಮೇಲೆ ದಬಕ್ಕನೆ ಇಳಿಯುತ್ತದೆ. ಬೆನ್ನೆಲುಬಿಗೆ ಹರಡಿದವರಿಗೆ ಆ ಮೊದಲ ಏರಿಕೆಯೇ ಅಪಾಯ. ಅದಕ್ಕೆ ಮುಂಚೆಯೇ ಅಡ್ಡಗಾಲು ಹಾಕುವ ಮಾತ್ರೆ ಕೊಡಬೇಕು. ಈ ಇಂಜೆಕ್ಷನ್‌ಗೆ ದಾರಿ ತೋರಿಸಿದ ಮೆದುಳಿನ ಹಾರ್ಮೋನನ್ನು ಹುಡುಕಲು ಆಂಡ್ರ್ಯೂ ಶಾಲಿ ಹಂದಿಗಳ ಮೆದುಳಿನ ಚೂರು, ರೋಜರ್ ಗಿಲ್ಲೆಮಿನ್ ಕುರಿಗಳ ಮೆದುಳಿನ ಚೂರು ಲಕ್ಷಗಟ್ಟಲೆ ಅರೆದರು! ಇಬ್ಬರೂ ಎದುರಾಳಿಗಳು. 1977ರಲ್ಲಿ ನೊಬೆಲ್ ಮಾತ್ರ ಇಬ್ಬರಿಗೂ!

ಡೋಸಿಟ್ಯಾಕ್ಸೆಲ್ ಎಲ್ಲಿಂದ ಬಂತು? ಯೂರೋಪಿನ ಯೂ ಎಂಬ ಮರದ ಸೂಜಿಯೆಲೆಯಿಂದ! ಅದರ ಅಕ್ಕನಂಥ ಔಷಧ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮೊದಲು ಮರದ ತೊಗಟೆ ಸುಲಿಯಬೇಕಿತ್ತು, ಮರ ಸಾಯುತ್ತಿತ್ತು. ಎಲೆಯಾದರೆ ಮತ್ತೆ ಚಿಗುರುತ್ತದೆ!

ಅಬಿರಾಟೆರೋನ್ ಮಾತ್ರೆಯ ಚೋದ್ಯ ಕೇಳಿ. ಜಿಡ್ಡಿನ ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಹತ್ತು ಪಟ್ಟು! ಅದಕ್ಕೇ ಪೂರ್ತಿ ಡೋಸನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಿ ಎನ್ನುತ್ತಾರೆ. ಆಗ ಕೆಲವು ಸಂಶೋಧಕರಿಗೆ ಹೊಳೆಯಿತು. ಊಟವೇ ಔಷಧವನ್ನು ಹೆಚ್ಚಿಸುವುದಾದರೆ ಔಷಧವನ್ನೇ ಕಡಿಮೆ ಮಾಡಬಾರದೇಕೆ? 2018ರಲ್ಲಿ 72 ರೋಗಿಗಳ ಪ್ರಯೋಗ ಬಂತು. 1,000 ಮಿಲಿಗ್ರಾಂ ಬದಲು 250 ಮಿಲಿಗ್ರಾಂ, ಹಗುರ ತಿಂಡಿಯ ಜೊತೆ. ಪಿಎಸ್‌ಎ ಇಳಿಕೆ ಹೆಚ್ಚುಕಡಿಮೆ ಅಷ್ಟೇ! ಮಾತ್ರೆಯ ಖರ್ಚು ನಾಲ್ಕರಲ್ಲಿ ಒಂದು ಪಾಲು! ಬಡ ರೋಗಿಯ ಮನೆಗೆ ಇದು ಎಂಥ ಸುದ್ದಿ! ಆದರೆ ನೀವಾಗಿ ಡೋಸು ಮುಟ್ಟಬೇಡಿ. ಡಾಕ್ಟರನ್ನು ಕೇಳಿ, ಕೇಳಲು ಸಂಕೋಚ ಬೇಡ.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೂ ಪ್ರಾಸ್ಟೇಟ್ ಚಿಕಿತ್ಸೆಗೂ ಏನು ನಂಟು? ಒಂದು ತೆಳ್ಳನೆಯ, ಚೆಂದದ ನಂಟಿದೆ! 1965ರಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ, ಇದೇ ಗಣಿಯಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಭೂತಕಣದ ಸುಳಿವು ಸಿಕ್ಕಿತು. ಭೂಮಿಯನ್ನೇ ತೂರಿಹೋಗುವ ಕಣ! ಈಗ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಲುಟೀಷಿಯಂ-177 ಎಂಬ ವಿಕಿರಣ ಔಷಧವಿದೆ. ರಕ್ತನಾಳಕ್ಕೆ ಕೊಟ್ಟರೆ ಸಾಕು, ಅದೇ ಹುಡುಕಿಕೊಂಡು ಹೋಗಿ ಕ್ಯಾನ್ಸರ್ ಕೋಶದ ಮೇಲಿನ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟಿಕೊಂಡು ಒಳಗಿಂದ ಸುಡುತ್ತದೆ. ಅದರ ಒಂದೊಂದು ಪರಮಾಣು ಕ್ಷಯಿಸಿದಾಗಲೂ ಒಂದೊಂದು ಪ್ರತಿ-ನ್ಯೂಟ್ರಿನೋ ಹಾರಿಹೋಗುತ್ತದೆ. ಕೋಲಾರದ ಗಣಿಯಲ್ಲಿ ಸಿಕ್ಕ ಕಣದ ಬಳಗದ್ದೇ!

ಈ ಲುಟೀಷಿಯಂ ವಿದೇಶದಿಂದಲೇ ಬರಬೇಕೇ? ಬೇಡ! ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ತನ್ನ ಧ್ರುವ ರಿಯಾಕ್ಟರಿನಲ್ಲಿ ಇದನ್ನು ತಯಾರಿಸುತ್ತದೆ. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ಇದರ ಜೊತೆಗಾರ ಗ್ಯಾಲಿಯಂ-68. ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಅವಿತ ಜಾಗವನ್ನು ಬೆಳಗಿಸಿ ತೋರಿಸುತ್ತದೆ. ಅದರ ಅರ್ಧಾಯುಷ್ಯ ಎಷ್ಟು ಗೊತ್ತೇ? 68 ನಿಮಿಷ! ಹೆಸರಲ್ಲೂ 68, ಗಡಿಯಾರದಲ್ಲೂ 68! ಇದು ಬರೀ ಕಾಕತಾಳೀಯ, ಆದರೆ ವಿದ್ಯಾರ್ಥಿಗಳಿಗೆ ನೆನಪಿಡಲು ಸಲೀಸು. 2020ರಲ್ಲಿ ಆಸ್ಟ್ರೇಲಿಯದ ಅಧ್ಯಯನದಲ್ಲಿ ಈ ಸ್ಕ್ಯಾನಿನ ನಿಖರತೆ ಶೇಕಡಾ 92, ಹಳೆಯ ಪದ್ಧತಿಯದು 65!

ಸಾಮಾನ್ಯವಾಗಿ ಕ್ಯಾನ್ಸರ್ ಎಲುಬನ್ನು ಕೊರೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಎಲುಬನ್ನು ಬೆಳೆಸುತ್ತದೆ! ಎಕ್ಸ್‌ರೇಯಲ್ಲಿ ಅಲ್ಲಲ್ಲಿ ಅಚ್ಚ ಬಿಳಿ ಮಚ್ಚೆ. ಆದರೆ ಬೆಳೆದ ಆ ಎಲುಬು ಗಟ್ಟಿ ಇಲ್ಲ. ಈ ರೋಗ ಇರುವವರಿಗೆ ಬೆನ್ನುನೋವಿನ ಜೊತೆ ಕಾಲು ಸೋತರೆ, ಅದು ವಾತ ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ!

ಪ್ರಾಸ್ಟೇಟ್ ರೋಗಿಯನ್ನು ಡಾಕ್ಟರ್ ಕೇಳುತ್ತಾರೆ, ‘ನಿಮ್ಮ ತಾಯಿಗೆ, ಅಕ್ಕತಂಗಿಯರಿಗೆ ಸ್ತನ ಕ್ಯಾನ್ಸರ್ ಇತ್ತೇ?’ ಎತ್ತಣ ಮಾಮರ ಅನಿಸುತ್ತದೆ ಅಲ್ಲವೇ? ಆದರೆ ಬಿಆರ್‌ಸಿಎ-2 ಎಂಬ ವಂಶವಾಹಿಯ ದೋಷ ಹೆಣ್ಣುಮಕ್ಕಳಲ್ಲಿ ಸ್ತನಕ್ಕೆ, ಗಂಡುಮಕ್ಕಳಲ್ಲಿ ಪ್ರಾಸ್ಟೇಟಿಗೆ ಕುತ್ತು ತರಬಲ್ಲದು. ಅಂಥ ದೋಷ ಇರುವ ಪ್ರಾಸ್ಟೇಟ್ ರೋಗಿಗಳಿಗೆಂದು ಓಲಾಪರಿಬ್ ಮಾತ್ರೆಗೆ 2020ರಲ್ಲಿ ಒಪ್ಪಿಗೆ ಬಂತು!

ಪ್ರಾಸ್ಟೇಟ್ ತೆಗೆದರೆ ಗಂಡಸುತನ ಹೋಯಿತು ಎಂಬ ಭಯ ಹಳೆಯದು. 1981ರಲ್ಲಿ ಪ್ಯಾಟ್ರಿಕ್ ವಾಲ್ಷ್ ಎಂಬ ಸರ್ಜನ್ ಹಾಲೆಂಡಿಗೆ ಹೋಗಿದ್ದಾಗ ಪೀಟರ್ ಡೊಂಕರ್ ಎಂಬ ಹಿರಿಯ ಡಾಕ್ಟರನ್ನು ಕಂಡ. ಸತ್ತು ಹುಟ್ಟಿದ ಶಿಶುವಿನ ದೇಹದಲ್ಲಿ ಇಬ್ಬರೂ ಸೇರಿ ಗಂಡಸುತನ ಕಾಯುವ ನರಗಳ ದಾರಿ ಹುಡುಕಿದರು. ನರ ಪ್ರಾಸ್ಟೇಟಿನ ಒಳಗಿಲ್ಲ, ಹೊರಗಿದೆ! ಮರುವರ್ಷವೇ, 1982ರಲ್ಲಿ, ನರ ಉಳಿಸುವ ಆಪರೇಷನ್ ಆಯಿತು. ಆಮೇಲೆ ರೋಬೋ ಬಂತು. ಪುದುಚೇರಿಯ ಜಿಪ್ಮರ್‌ನಲ್ಲಿ ಓದಿದ ಮಣಿ ಮೆನನ್ ಡೆಟ್ರಾಯಿಟ್‌ನಲ್ಲಿ ಅದನ್ನು ಜಗತ್ತಿಗೇ ಕಲಿಸಿದರು!

ಈಗ ಊರ ಕಡೆ ಬರೋಣ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಹುಟ್ಟಿದ್ದು 1973ರಲ್ಲಿ. ಆಗ ಮುಖ್ಯಮಂತ್ರಿ ಯಾರು? ದೇವರಾಜ ಅರಸು! ಕೋಲಾರದ ಟಮಕದಲ್ಲಿ 1986ರಲ್ಲಿ ಹುಟ್ಟಿದ ವೈದ್ಯಕೀಯ ಕಾಲೇಜಿಗೂ ಅವರದೇ ಹೆಸರು. ಅದರ ಆರ್.ಎಲ್. ಜಾಲಪ್ಪ ಆಸ್ಪತ್ರೆ ಬೂದಿಕೋಟೆ ಸೀಮೆಗೆಲ್ಲ ಹತ್ತಿರ. ಕಿದ್ವಾಯಿಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆದಿದೆ. ದೇಶದ ಮೊದಲ ಸಾಲಿನ ನೋಂದಣಿಗಳಲ್ಲಿ ಅದೂ ಒಂದು!

ಕೆಜಿಎಫ್ ಗಣಿ ಕಾರ್ಮಿಕರಿಂದ ದೇಶದ ಡಾಕ್ಟರುಗಳು ಹೊಸ ಪಾಠ ಕಲಿತದ್ದು ಗೊತ್ತೇ? 1940ರ ದಶಕದ ತಪಾಸಣೆಯಲ್ಲಿ 7,653 ಕಾರ್ಮಿಕರನ್ನು ನೋಡಿದರು. ಶೇಕಡಾ 43.7 ಮಂದಿಗೆ ಕಲ್ಲುಧೂಳಿನ ಶ್ವಾಸಕೋಶ ರೋಗ, ಸಿಲಿಕೋಸಿಸ್! ಬಂಗಾರ ತೆಗೆದವರ ಎದೆಗೂಡು ತೆತ್ತ ಬೆಲೆ ಅದು.

ರೋಗಿ ಪಟ್ಟಣಕ್ಕೆ ಹೋಗುವ ಬದಲು ವಿದ್ಯೆಯೇ ಹಳ್ಳಿಗೆ ಬಂದರೆ? 2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಭಾರತ ಮೂಲದ ಡಾ. ಸಂಜೀವ್ ಅರೋರಾ ಹೀಗೇ ಯೋಚಿಸಿ ‘ಎಕೋ’ ಶುರುಮಾಡಿದರು. ವಿಡಿಯೋದಲ್ಲಿ ತಜ್ಞರೂ ಹಳ್ಳಿ ಡಾಕ್ಟರುಗಳೂ ಕೂತು ನಿಜವಾದ ಕೇಸುಗಳನ್ನೇ ಚರ್ಚಿಸುವುದು. ನಮ್ಮ ನಿಮ್ಹಾನ್ಸ್ ಕೂಡ ಈ ದಾರಿ ಹಿಡಿಯಿತು. ಕ್ಯಾನ್ಸರಿಗೆ 2012ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಇದೆ. ಅದರ ಚಿಕಿತ್ಸಾ ಮಾರ್ಗಸೂಚಿ ಯಾರು ಬೇಕಾದರೂ ಓದಬಹುದು, ಕಾಸು ಬೇಡ!

ಯಂತ್ರವೂ ಪಾಠ ಕಲಿಯುತ್ತಿದೆ! 10,616 ಬಯಾಪ್ಸಿ ಚಿತ್ರಗಳನ್ನು ಮುಂದಿಟ್ಟು ಪಾಂಡಾ ಎಂಬ ಸ್ಪರ್ಧೆ ನಡೆಸಿದರು. 65 ದೇಶಗಳ 1,290 ಮಂದಿ ಕಂಪ್ಯೂಟರಿಗೆ ಗ್ಲೀಸನ್ ಅಂಕ ಕೊಡಲು ಕಲಿಸಿದರು. ಮೊದಲ ಹತ್ತೇ ದಿನದಲ್ಲಿ ಒಂದು ತಂಡ ತಜ್ಞರ ಮಟ್ಟ ಮುಟ್ಟಿತು! ಇತ್ತ ಇಟಲಿಯಲ್ಲಿ ಬಾಂಬು ಹುಡುಕಲು ಪಳಗಿದ್ದ ಎರಡು ಜರ್ಮನ್ ಶೆಫರ್ಡ್ ನಾಯಿಗಳು ಮೂತ್ರ ಮೂಸಿಯೇ ನೂರಕ್ಕೆ 98ರಷ್ಟು ಸರಿ ಹೇಳಿದವು. ಯಂತ್ರಕ್ಕೆ ಹತ್ತು ದಿನ ಬೇಕಾಯಿತು, ನಾಯಿಗೆ ಮೂಗೊಂದೇ ಸಾಕಾಯಿತು!

2024ರಲ್ಲಿ ಲ್ಯಾನ್ಸೆಟ್ ಆಯೋಗ ಎಚ್ಚರಿಸಿತು. 2020ರಲ್ಲಿ ವರ್ಷಕ್ಕೆ 14 ಲಕ್ಷ ಇದ್ದ ಹೊಸ ಪ್ರಾಸ್ಟೇಟ್ ಕ್ಯಾನ್ಸರ್ 2040ಕ್ಕೆ 29 ಲಕ್ಷ ಆಗುತ್ತದೆ! ದೊಡ್ಡ ಪಾಲು ನಮ್ಮಂಥ ದೇಶಗಳಲ್ಲೇ. ಜನ ಹೆಚ್ಚು ಕಾಲ ಬದುಕುತ್ತಿದ್ದಾರಲ್ಲ, ಅದಕ್ಕೆ.

ಕೊನೆಗೆ ಒಂದು ಖುಷಿಯ ಲೆಕ್ಕ. ಜನ ‘ಕರೆಂಟು ಕೊಡಿಸೋದು’ ಎನ್ನುವ ವಿಕಿರಣ ಚಿಕಿತ್ಸೆಗೆ ಮೊದಲು 37, 39 ಸಲ ಹೋಗಬೇಕಿತ್ತು. ವಾರಕ್ಕೆ ಐದು ದಿನ, ಸುಮಾರು ಎಂಟು ವಾರ! 2016ರಲ್ಲಿ 20 ಸಲ ಸಾಕು ಎಂದಾಯಿತು. 2024ರಲ್ಲಿ ಪೇಸ್-ಬಿ ಎಂಬ ಅಧ್ಯಯನ 874 ಮಂದಿಯ ಐದು ವರ್ಷದ ಲೆಕ್ಕ ಕೊಟ್ಟಿತು. ಬರೀ ಐದು ಸಲ! ರೋಗ ಮರಳದೆ ಉಳಿದವರು ಐದರ ಗುಂಪಿನಲ್ಲಿ ಶೇಕಡಾ 95.8, ಹಳೆಯ ಗುಂಪಿನಲ್ಲಿ 94.6! ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವವರಿಗೆ 39 ಟಿಕೆಟ್ಟು, 39 ದಿನದ ಕೂಲಿ, ಜೊತೆಗೆ ಬರುವ ಮಗನ 39 ರಜೆ, ಎಲ್ಲವೂ ಐದಕ್ಕೆ ಇಳಿಯುತ್ತದೆ! ಇದು ಗ್ರಂಥಿಯೊಳಗೇ ಇರುವ, ಹೆಚ್ಚು ಉಗ್ರವಲ್ಲದ ಕ್ಯಾನ್ಸರಿಗೆ ಮಾತ್ರ. ಅದಕ್ಕೆ ತಕ್ಕ ಯಂತ್ರವೂ ಇರಬೇಕು. ನಿಮ್ಮ ಮನೆಯ ಹಿರಿಯರಿಗೆ ಕರೆಂಟು ಬರೆದಿದ್ದರೆ ಒಂದು ಪ್ರಶ್ನೆ ಜೇಬಿನಲ್ಲಿಟ್ಟುಕೊಂಡು ಹೋಗಿ: ‘ಡಾಕ್ಟ್ರೇ, ಇವರಿಗೆ ಐದು ಸಲ ಸಾಕಾಗುತ್ತಾ?’